ಬ್ಯಾಂಕಿನ ಒಡೆಯರಾರು?

(ವಾಚನಾಲಯದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ವಾಚನಾಲಯದ ಚಾಲಕರು ನನ್ನನ್ನು ಆಮಂತ್ರಿಸಲು ಬಂದಾಗ ಸಾಹಿತ್ಯದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಅಪೇಕ್ಷಿಸಿದ್ದರು. ಸಾಹಿತ್ಯವನ್ನು ಕುರಿತು ಮಾತನಾಡಬಲ್ಲವರು ಈ ಊರಿನಲ್ಲಿ ಹಲವರಿರುವರು. ನಾನಾದರೋ ಮೂವತ್ತು ವರುಷ ಮಕ್ಕಳಿಗೆ ಬಡ್ಡಿಯ ಲೆಕ್ಕವನ್ನು ಕಲಿಸಿ ನಿವೃತ್ತನಾದ ಮಾಸ್ತರನು. ಒಂದು ದಿನ ಒಬ್ಬ ಹುಡುಗನು ಎದ್ದು ನಿಂತು, "ಸರ್, ನಾವು ಬ್ಯಾಂಕಿನಲ್ಲಿ ಹಣ ಇಟ್ಟರೆ ಬ್ಯಾಂಕು ನಮ್ಮದಾಗುವದೋ, ನಮ್ಮ ಹಣ ಬ್ಯಾಂಕಿನದಾಗುವದೋ?" ಎಂದು ಕೇಳಿದನು. ಅಷ್ಟರಲ್ಲಿ ಗಂಟೆ ಬಾರಿಸಿತು, ನಾನು ಪಾರಾದೆನು. ಆ ಹುಡುಗನ ಸಾಲ ನನ್ನ ಮೇಲೆ ಇನ್ನೂ ಉಳಿದಿರುವದರಿಂದ ಇಂದು ಅದೇ ವಿಷಯವನ್ನು ಎತ್ತಿಕೊಂಡಿರುವೆನು. ನಮ್ಮ ದೇಶದ ಬ್ಯಾಂಕುಗಳ ಒಡೆಯರಾರು, ಮೊದಲು ಯಾರಿದ್ದರು, ಆ ಒಡೆತನವು ಕೈಯಿಂದ ಕೈಗೆ ಹೋದಂತೆ ಕನ್ನಡಿಗನಿಗೆ ಬಂದುದೆಷ್ಟು, ಹೋದುದೆಷ್ಟು?

ಕಿರಾಣಿ ಅಂಗಡಿಯವನು ತನ್ನ ಸರಕನ್ನು ತಾನು ಮಾರುವನು. ನಷ್ಟವಾದರೆ ಹೋಗುವದು ಅವನ ಗಂಟು. ಬ್ಯಾಂಕಿನ ಸಂಗತಿ ಬೇರೆ. ಅದರ ಪಾಲುದಾರರು ಹಾಕಿದ ಬಂಡವಾಳವು ಒಂದು ಬೊಗಸೆಯಾದರೆ ಠೇವಣಿದಾರರು ತಂದು ಸುರಿದದ್ದು ಒಂದು ಕಣಜ. ಬೊಗಸೆ ಹಾಕಿದವನ ಕೈಯಲ್ಲಿ ಕಣಜದ ಬೀಗದ ಕೈ ಇರುವದು. ಯಾರಿಗೆ ಸಾಲ ಕೊಡಬೇಕು, ಯಾರನ್ನು ಬಾಗಿಲಿನಿಂದಲೇ ತಿರುಗಿಸಬೇಕು ಎಂಬದನ್ನು ನಿಶ್ಚಯಿಸತಕ್ಕವನು ಅವನೇ. ಈ ಕಾರಣದಿಂದ ಬ್ಯಾಂಕಿನ ಒಡೆತನದ ಪ್ರಶ್ನೆಯು ಬರಿಯ ಪಾಲುದಾರರ ಮನೆಯ ಮಾತಲ್ಲ. ಅದು ಇಡೀ ನಾಡಿನ ಮಾತಾಗಿರುವದು.

ಕಂಪನಿ ಸರಕಾರದ ಕಾಲದಲ್ಲಿ ಕಲಕತ್ತೆಯಲ್ಲಿ ೧೮೦೬ರಲ್ಲಿ ಒಂದು ಬ್ಯಾಂಕು ಹುಟ್ಟಿತು. ಅದೇ ೧೮೦೯ರಲ್ಲಿ ಬೆಂಗಾಲ ಬ್ಯಾಂಕೆಂಬ ಹೆಸರನ್ನು ತಳೆಯಿತು. ಅದರ ಐವತ್ತು ಲಕ್ಷದ ಬಂಡವಾಳದಲ್ಲಿ ಹತ್ತು ಲಕ್ಷ ಸರಕಾರದ್ದು, ಉಳಿದದ್ದು ಖಾಸಗಿಯವರದು. ಅನಂತರ ೧೮೪೦ರಲ್ಲಿ ಮುಂಬಯಿ ಬ್ಯಾಂಕೂ ೧೮೪೩ರಲ್ಲಿ ಮದ್ರಾಸು ಬ್ಯಾಂಕೂ ಹುಟ್ಟಿದವು. ಮೂರೂ ಇಲಾಖೆಗಳ ರಾಜಧಾನಿಗಳಲ್ಲಿ ಕುಳಿತು, ಸರಕಾರದ ಬೊಕ್ಕಸವನ್ನು ಕಾಯುತ್ತ, ಆಂಗ್ಲ ವ್ಯಾಪಾರಿಗಳ ಹುಂಡಿಗಳನ್ನು ವಟಾಯಿಸುತ್ತ ಬೆಳೆದವು. ೧೯೨೧ರಲ್ಲಿ ಮೂರೂ ಕೂಡಿ ಇಂಪೀರಿಯಲ್ ಬ್ಯಾಂಕಾಯಿತು. ಕೆಂಪು ಕಲ್ಲಿನ ಕಟ್ಟಡ, ಬಾಗಿಲಲ್ಲಿ ಬಂದೂಕಿನ ಸಿಪಾಯಿ, ಒಳಗೆ ಬಿಳಿಯ ಏಜಂಟ. ನಮ್ಮ ರೈತನು ಅದನ್ನು ಕಚೇರಿಯೆಂದು ತಿಳಿದು ಕೈಮುಗಿದು ಮುಂದೆ ಹೋಗುತ್ತಿದ್ದನು.

ಎಲ್ಲ ಬ್ಯಾಂಕುಗಳಿಗೂ ಮೇಲಿನ ಬ್ಯಾಂಕೊಂದು ಬೇಕೆಂಬ ಮಾತು ಹೊರಟಾಗ ಒಡೆತನದ ಜಗಳವು ಬಹಿರಂಗಕ್ಕೆ ಬಂದಿತು. ೧೯೨೬ರಲ್ಲಿ ಹಿಲ್ಟನ್ ಯಂಗ್ ಆಯೋಗವು ಖಾಸಗಿ ಪಾಲುದಾರರ ಬ್ಯಾಂಕೇ ಆಗಬೇಕೆಂದು ಹೇಳಿತು. ಮರುವರುಷ ಮಸೂದೆಯು ಕೇಂದ್ರ ವಿಧಾನಸಭೆಗೆ ಬಂದಾಗ ನಮ್ಮವರು, ಶೇರುಗಳು ಪರದೇಶೀಯರ ಮತ್ತು ಕೆಲವೇ ಶ್ರೀಮಂತರ ಕೈಸೇರುವವು, ಬ್ಯಾಂಕು ರಾಷ್ಟ್ರದ್ದಾಗಲಿ ಎಂದು ಹಟ ಹಿಡಿದರು. ಸರಕಾರದವರು, ಹಾಗಾದರೆ ಬ್ಯಾಂಕು ರಾಜಕಾರಣದ ಕೈಗೊಂಬೆಯಾಗುವದು ಎಂದರು. ಮಸೂದೆಯು ಬಿದ್ದಿತು. ಕೊನೆಗೆ ೧೯೩೪ರಲ್ಲಿ ಕಾಯಿದೆಯಾಗಿ, ೧೯೩೫ನೆಯ ಏಪ್ರಿಲ್ ೧ರಂದು ರಿಜರ್ವ್ ಬ್ಯಾಂಕು ಬಾಗಿಲು ತೆರೆದದ್ದು ಪಾಲುದಾರರ ಬ್ಯಾಂಕಾಗಿಯೇ.

ಆ ಪಾಲುಗಳ ಹಂಚಿಕೆಯನ್ನು ಸ್ವಲ್ಪ ನೋಡಿರಿ. ಬಂಡವಾಳವು ಐದು ಕೋಟಿ ರೂಪಾಯಿ. ನೂರು ರೂಪಾಯಿಯ ಐದು ಲಕ್ಷ ಶೇರುಗಳು. ಒಬ್ಬರ ಕೈಯಲ್ಲಿ ಎಲ್ಲ ಕೂಡಬಾರದೆಂದು ಐದು ಊರುಗಳಲ್ಲಿ ಐದು ವಹಿಗಳನ್ನು ಇಟ್ಟರು. ಕಲಕತ್ತೆಗೆ ೧೪೫ ಲಕ್ಷ, ಮುಂಬಯಿಗೆ ೧೪೦, ದಿಲ್ಲಿಗೆ ೧೧೫, ಮದ್ರಾಸಿಗೆ ೭೦, ರಂಗೂನಿಗೆ ೩೦. ಐದು ಶೇರಿಗೆ ಒಂದು ಮತ, ಎಷ್ಟೇ ಶೇರುಗಳಿದ್ದರೂ ಹತ್ತು ಮತಗಳಿಗಿಂತ ಹೆಚ್ಚಿಲ್ಲ. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಬೇರೆ ಯಾವದು? ಆದರೆ ಶೇರು ಮಾರುವ ವಸ್ತು. ವರುಷ ವರುಷಕ್ಕೆ ಮುಂಬಯಿಯ ವಹಿಯು ಉಬ್ಬುತ್ತ ನಡೆಯಿತು, ಉಳಿದವು ಸೊರಗುತ್ತ ನಡೆದವು. ಅಂದು ಹರಿದು ಹಂಚಿಹೋಗಿದ್ದ ನಮ್ಮ ನಾಡಿನ ಅವಸ್ಥೆಯೂ ಆ ವಹಿಗಳಲ್ಲಿ ಕಾಣುತ್ತಿದ್ದಿತು: ಧಾರವಾಡದವನ ಹೆಸರು ಮುಂಬಯಿಯ ವಹಿಯಲ್ಲಿ, ಮಂಗಳೂರಿನವನ ಹೆಸರು ಮದ್ರಾಸಿನ ವಹಿಯಲ್ಲಿ. ಕನ್ನಡಿಗನೆಂದು ಬರೆಯತಕ್ಕ ವಹಿಯೇ ಇರಲಿಲ್ಲ.

ಸ್ವಾತಂತ್ರ್ಯ ಬಂದ ಬಳಿಕ ೧೯೪೮ರಲ್ಲಿ ಕಾಯಿದೆ ಮಾಡಿ, ೧೯೪೯ನೆಯ ಜನವರಿ ೧ರಿಂದ ಎಲ್ಲ ಶೇರುಗಳನ್ನೂ ಕೇಂದ್ರ ಸರಕಾರವು ತೆಗೆದುಕೊಂಡಿತು. ನೂರು ರೂಪಾಯಿಯ ಶೇರಿಗೆ ೧೧೮ ರೂಪಾಯಿ ೧೦ ಆಣೆ ಪರಿಹಾರ ಸಂದಿತು. ಇಂದಿಗೂ ಆ ಬ್ಯಾಂಕಿನ ಬಂಡವಾಳ ಅದೇ ಐದು ಕೋಟಿ. ಆದರೆ ೨೦೨೪-೨೫ನೆಯ ಸಾಲಿನ ಹೆಚ್ಚಳವೆಂದು ಅದು ಒಡೆಯನಾದ ಸರಕಾರಕ್ಕೆ ಕೊಟ್ಟದ್ದು ಎರಡು ಲಕ್ಷ ಅರವತ್ತೆಂಟು ಸಾವಿರ ಕೋಟಿಗೂ ಮೀರಿದ ಹಣ. ಪಾಲುದಾರರ ಬ್ಯಾಂಕಾಗಿಯೇ ಉಳಿದಿದ್ದರೆ ಈ ಹೆಚ್ಚಳವೆಲ್ಲ ಎಲ್ಲಿಗೆ ಹೋಗಬೇಕೆಂಬದರ ಮೇಲೆ ಇನ್ನೊಂದು ಜಗಳವೇ ಆಗುತ್ತಿದ್ದಿತು. ಅಂದು ಹಟ ಹಿಡಿದವರಿಗೆ ನಾವು ಋಣಿಗಳು.

ಹಾಗೆಂದು ಎದುರುಪಕ್ಷದ ಮಾತು ಪೂರಾ ಸುಳ್ಳೆಂದು ನಾನು ಹೇಳಲಾರೆನು. ರಾಷ್ಟ್ರೀಕರಣವಾದ ವರುಷವೇ ಗವರ್ನರರಾದವರು ನಮ್ಮ ದಕ್ಷಿಣ ಕನ್ನಡದ ಮನೆತನದ ಬೆನೆಗಲ್ ರಾಮರಾಯರು. ಏಳು ವರುಷಗಳಿಗೂ ಮಿಕ್ಕಿ ಆ ಸ್ಥಾನದಲ್ಲಿದ್ದರು. ಆಗಿನ ಅರ್ಥಮಂತ್ರಿಗಳಾದ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಸ್ಟಾಂಪಿನ ಸುಂಕವನ್ನು ಏರಿಸಿದಾಗ, ಬಡ್ಡಿಯ ದರವನ್ನೇ ಏರಿಸಿದ ಪರಿಣಾಮವು ಅದರಿಂದ ಉಂಟಾಯಿತು. ದರವನ್ನು ಗೊತ್ತುಪಡಿಸುವದು ಬ್ಯಾಂಕಿನ ಕೆಲಸವೆಂದು ರಾಯರ ಮತ. ಇಬ್ಬರಿಗೂ ಹೊಂದಲಿಲ್ಲ, ೧೯೫೭ರ ಜನವರಿಯಲ್ಲಿ ರಾಯರು ರಾಜೀನಾಮೆ ಕೊಟ್ಟು ಹೊರಟರು. ಒಡೆಯನು ಸರಕಾರವಾದರೂ ಬೀಗದ ಕೈಯನ್ನು ಹಿಡಿದವನಿಗೆ ಇಲ್ಲವೆನ್ನುವ ಸ್ವಾತಂತ್ರ್ಯ ಬೇಕಷ್ಟೆ? ಆ ಪ್ರಶ್ನೆಯು ೨೦೧೮ರಲ್ಲಿಯೂ ಮತ್ತೆ ಪತ್ರಿಕೆಗಳಲ್ಲಿ ಗದ್ದಲವೆಬ್ಬಿಸಿದ್ದನ್ನು ನೀವು ಬಲ್ಲಿರಿ.

ಮೇಲಿನ ಬ್ಯಾಂಕು ರಾಷ್ಟ್ರದ್ದಾಯಿತು. ಕೆಳಗೆ ಹಳ್ಳಿಯಲ್ಲಿ ಏನಿದ್ದಿತು? ೧೯೫೧-೫೨ರಲ್ಲಿ ರಿಜರ್ವ್ ಬ್ಯಾಂಕೇ ದೇಶದ ಹಳ್ಳಿಗಳ ಸಾಲವನ್ನು ಅಳೆಯಿಸಿತು. ರೈತನು ಪಡೆದ ನೂರು ರೂಪಾಯಿ ಸಾಲದಲ್ಲಿ ಸಹಕಾರಿ ಸಂಘಗಳದು ಮೂರು ರೂಪಾಯಿ ಚಿಲ್ಲರೆ. ಬ್ಯಾಂಕುಗಳದು ಒಂದು ರೂಪಾಯಿಯೂ ಇಲ್ಲ, ೦.೯. ಉಳಿದುದರ ಬಹುಭಾಗ ಸಾವುಕಾರನದು. ಈ ಲೆಕ್ಕ ಹೊರಬಿದ್ದ ಮೇಲೆ ೧೯೫೫ನೆಯ ಜುಲೈ ೧ರಂದು ಇಂಪೀರಿಯಲ್ ಬ್ಯಾಂಕನ್ನು ಸ್ಟೇಟ್ ಬ್ಯಾಂಕನ್ನಾಗಿ ಮಾಡಿ, ಐದು ವರುಷಗಳಲ್ಲಿ ೪೦೦ ಹೊಸ ಶಾಖೆಗಳನ್ನು ತೆರೆಯತಕ್ಕದ್ದೆಂದು ಕಾಯಿದೆಯಲ್ಲಿಯೇ ಬರೆದರು. ಅದು ಆ ಮಾತನ್ನು ನಡೆಸಿಕೊಟ್ಟಿತು.

ಇನ್ನು ನಮ್ಮ ಮನೆಯ ಮಾತಿಗೆ ಬರುವೆನು. ಇಲ್ಲಿ ಸ್ವಲ್ಪ ನಿಲ್ಲಲು ನೀವು ಅನುಮತಿ ಕೊಡಬೇಕು.

ಇಡೀ ದೇಶದಲ್ಲಿ ಬ್ಯಾಂಕುಗಳ ತವರೆಂದು ಹೇಳಬಹುದಾದ ಒಂದು ಪ್ರದೇಶವಿದ್ದರೆ ಅದು ನಮ್ಮ ಕರಾವಳಿ. ಅಲ್ಲಿ ದೊಡ್ಡ ಗಿರಣಿಗಳಿರಲಿಲ್ಲ, ರಾಜಧಾನಿ ಇರಲಿಲ್ಲ. ಮಂಗಳೂರಿನ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಮೊದಲು ೧೮೯೧ರಲ್ಲಿ ಶಾಲೆಯನ್ನು ಸ್ಥಾಪಿಸಿದರು. ಆಮೇಲೆ ೧೯೦೬ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ಸ್ಥಾಪಿಸಿದರು. ಅದೇ ೧೯೧೦ರಲ್ಲಿ ಕೆನರಾ ಬ್ಯಾಂಕಾಯಿತು. (ಶಾಲೆ ಮೊದಲು, ಬ್ಯಾಂಕು ಆಮೇಲೆ ಎಂಬ ಕ್ರಮವನ್ನು ಇಲ್ಲಿರುವ ಮಾಸ್ತರರು ಗಮನಿಸಬೇಕೆಂದು ಪ್ರಾರ್ಥನೆ.) ಅದೇ ೧೯೦೬ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿ ಬಂಡವಾಳದಿಂದ ಮತ್ತೊಂದು ಬ್ಯಾಂಕನ್ನು ತೆರೆದರು. ಮೊದಲನೆಯ ದಿನ ಸಂಜೆ ಎಣಿಸಿದಾಗ ಕೂಡಿದ್ದ ಹಣ ೩೮ ರೂಪಾಯಿ ೧೩ ಆಣೆ ೨ ಪೈ. ಮುಂದೆ ಕಾರ್ಪೊರೇಶನ್ ಬ್ಯಾಂಕೆಂದು ಹೆಸರಾದದ್ದು ಅದೇ. ಅದೇ ವರುಷದ ಕೊನೆಗೆ ಮದ್ರಾಸಿನಲ್ಲಿ ಆರ್ಬತ್‌ನಾಟ್ ಎಂಬ ಆಂಗ್ಲರ ದೊಡ್ಡ ಪೇಢಿಯು ದಿವಾಳಿಯೆದ್ದು ಸಾವಿರಾರು ಕುಟುಂಬಗಳನ್ನು ಮುಳುಗಿಸಿತು. ದೊಡ್ಡವರ ಕಲ್ಲಿನ ಕಟ್ಟಡವು ಕುಸಿಯುತ್ತಿದ್ದಾಗ ಉಡುಪಿಯ ಮೂವತ್ತೆಂಟು ರೂಪಾಯಿ ನಿಂತುಕೊಂಡಿತು.

ಅನಂತರ ೧೯೨೪ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು. ೧೯೨೫ರಲ್ಲಿ ಉಡುಪಿಯಲ್ಲಿ ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಎಂಟು ಸಾವಿರ ರೂಪಾಯಿಗಳಿಂದ ತೊಡಗಿದ, ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ. ೧೯೩೧ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟರು ಬಂಟ ರೈತರನ್ನು ಕೂಡಿಸಿ ಕಟ್ಟಿದ ವಿಜಯಾ ಬ್ಯಾಂಕು. ಇತ್ತ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೧೩ರಲ್ಲಿಯೇ ಮೈಸೂರು ಬ್ಯಾಂಕು ಹುಟ್ಟಿದ್ದಿತು.

ಇವುಗಳ ಒಡೆಯರೂ ಖಾಸಗಿಯವರೇ. ಆದರೆ ಒಡೆಯನು ಠೇವಣಿದಾರನ ಬೀದಿಯಲ್ಲಿಯೇ ಇದ್ದನು. ೧೯೨೮ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿಯನ್ನು ತೊಡಗಿದರು. ದಿನಕ್ಕೆ ಎರಡು ಆಣೆ. ಬ್ಯಾಂಕಿನ ಆಳು ಮನೆಯ ಬಾಗಿಲಿಗೇ ಬಂದು ಒಯ್ಯುವನು. ಮೀನು ಮಾರುವವಳು, ನೇಕಾರ, ಹೋಟೆಲಿನ ಮಾಣಿ, ಇವರೆಲ್ಲರೂ ಬ್ಯಾಂಕಿನ ಗಿರಾಕಿಗಳಾದರು. ನನ್ನ ತಾಯಿಯೂ ಮುಂದೆ ಹೀಗೆ ಹಣ ಕಟ್ಟುತ್ತಿದ್ದಳು. ಸಂಜೆ ಸೈಕಲ್ಲಿನ ಗಂಟೆ ಕೇಳಿದೊಡನೆ ಸಾಸಿವೆಯ ಡಬ್ಬಿಯಿಂದ ನಾಣ್ಯ ತೆಗೆದು ಕೊಡುವಳು. ಆತನು ಚೀಟಿ ಬರೆದುಕೊಡುವದರ ಜೊತೆಗೆ ಮನೆಯ ಯೋಗಕ್ಷೇಮವನ್ನೂ ಕೇಳುವನು. ನನ್ನ ಅಕ್ಕನ ಮದುವೆಗೆ ಸಾಲ ಬೇಕಾದಾಗ ನಮ್ಮ ನಡತೆಯ ಬಗ್ಗೆ ಬ್ಯಾಂಕಿಗೆ ಬೇರೆ ಸಾಕ್ಷಿಯು ಬೇಕಾಗಲಿಲ್ಲ.

ದೇಶದ ಉಳಿದ ದೊಡ್ಡ ಬ್ಯಾಂಕುಗಳ ರೀತಿಯು ಹೀಗಿರಲಿಲ್ಲ. ಹಲವು ಬ್ಯಾಂಕುಗಳು ಒಂದೊಂದು ಉದ್ಯಮದ ಮನೆತನದ ನೆರಳಿನಲ್ಲಿದ್ದವು. ಠೇವಣಿಯು ಊರೂರಿನಿಂದ ಬಂದು ಕಾರಖಾನೆಗಳಿಗೆ ಹೋಗುತ್ತಿದ್ದಿತು. ೧೯೬೭ರ ಸುಮಾರಿಗೂ ಬ್ಯಾಂಕುಗಳು ಕೊಟ್ಟ ಸಾಲದಲ್ಲಿ ಬೇಸಾಯದ ಪಾಲು ನೂರಕ್ಕೆ ಎರಡರ ಆಸುಪಾಸು. ೧೯೬೯ನೆಯ ಜುಲೈ ೧೯ರಂದು ಇಂದಿರಾ ಗಾಂಧಿಯವರ ಸರಕಾರವು ಐವತ್ತು ಕೋಟಿಗೆ ಮೀರಿದ ಠೇವಣಿಯುಳ್ಳ ೧೪ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತು. ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ತಳ್ಳಿಹಾಕಿದರೂ ೧೯೭೦ರಲ್ಲಿ ಹೊಸ ಕಾಯಿದೆಯಾಯಿತು. ಆ ಹದಿನಾಲ್ಕರಲ್ಲಿ ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. ೧೯೮೦ರಲ್ಲಿ ಇನ್ನಾರು ಬ್ಯಾಂಕುಗಳನ್ನು ತೆಗೆದುಕೊಂಡಾಗ ಕಾರ್ಪೊರೇಶನ್, ವಿಜಯಾ ಎರಡೂ ಹೋದವು. ಮೈಸೂರು ಬ್ಯಾಂಕು ೧೯೬೦ರಲ್ಲಿಯೇ ಸ್ಟೇಟ್ ಬ್ಯಾಂಕಿನ ಸಹಾಯಕ ಬ್ಯಾಂಕಾಗಿದ್ದಿತು.

ಇದರ ಲಾಭವನ್ನು ಅಲ್ಲಗಳೆಯುವವನು ಕೃತಘ್ನನು. ೧೯೬೯ರಲ್ಲಿ ದೇಶದಲ್ಲೆಲ್ಲ ಇದ್ದ ಶಾಖೆಗಳು ೮,೨೬೨; ಅವುಗಳಲ್ಲಿ ಹಳ್ಳಿಯವು ೧,೮೩೩. ಪಟ್ಟಣದಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕಿಲ್ಲದ ಊರುಗಳಲ್ಲಿ ನಾಲ್ಕು ತೆರೆಯತಕ್ಕದ್ದೆಂದು ೧೯೭೭ರಲ್ಲಿ ನಿಯಮವಾಯಿತು. ೧೯೯೧ರ ಹೊತ್ತಿಗೆ ಹಳ್ಳಿಯ ಶಾಖೆಗಳೇ ಮೂವತ್ತೈದು ಸಾವಿರದಷ್ಟಾದವು. ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆಯ ಹಳ್ಳಿಗಳಲ್ಲಿ ಬ್ಯಾಂಕಿನ ಫಲಕವನ್ನು ಜನರು ಮೊದಲು ಕಂಡದ್ದು ಈ ಕಾಲದಲ್ಲಿ. ಲಾಭವೊಂದನ್ನೇ ನೋಡುವ ಒಡೆಯನು ಆ ದಾರಿಯನ್ನು ಹಿಡಿಯುತ್ತಿರಲಿಲ್ಲ.

ಆದರೆ ಸರಕಾರವೆಂಬ ಒಡೆಯನು ದಿಲ್ಲಿಯಲ್ಲಿರುವನು. ದೊಡ್ಡ ಸಾಲಗಾರರಿಗೆ ಕೈಬಿಚ್ಚಿ ಕೊಟ್ಟ ಸಾಲಗಳು ಕೆಟ್ಟು, ೨೦೧೮ರ ಮಾರ್ಚಿನ ಹೊತ್ತಿಗೆ ಸರಕಾರಿ ಬ್ಯಾಂಕುಗಳ ನೂರು ರೂಪಾಯಿ ಸಾಲದಲ್ಲಿ ಹದಿನಾಲ್ಕಕ್ಕೂ ಹೆಚ್ಚು ರೂಪಾಯಿ ಬಾರದ ಬಾಕಿಯಾಗಿದ್ದಿತು. ಆ ವರುಷಗಳಲ್ಲಿ ಸರಕಾರವು ಬೊಕ್ಕಸದಿಂದ ಹಾಕಿ ತುಂಬಿದ ಬಂಡವಾಳ ಮೂರು ಲಕ್ಷ ಕೋಟಿಗೂ ಮೀರಿತು. ಬಾಕಿಯು ಆಮೇಲೆ ಬಹಳ ಇಳಿದಿರುವದು, ಸಂತೋಷ. ಆದರೆ ಒಡೆತನದ ಲಕ್ಷಣವನ್ನು ಆಗ ಕಂಡೆವು: ಸಾಲ ಕೊಡುವಾಗ ನಮ್ಮನ್ನು ಕೇಳಲಿಲ್ಲ, ನಷ್ಟ ತುಂಬುವಾಗ ಮಾತ್ರ ನಾವೆಲ್ಲರೂ ಒಡೆಯರಾದೆವು.

ಇದರ ಬೆನ್ನಿಗೇ ವಿಲೀನೀಕರಣವು ಬಂದಿತು. ೨೦೧೭ನೆಯ ಏಪ್ರಿಲ್ ೧ರಂದು ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ೨೦೧೯ರ ಅದೇ ದಿನ ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಗೆ. ೨೦೨೦ರ ಅದೇ ದಿನ ಕಾರ್ಪೊರೇಶನ್ ಬ್ಯಾಂಕು ಮುಂಬಯಿಯ ಯೂನಿಯನ್ ಬ್ಯಾಂಕಿನೊಳಗೆ, ಸಿಂಡಿಕೇಟು ಕೆನರಾದೊಳಗೆ. ೨೦೧೭ರ ಆರಂಭದಲ್ಲಿ ೨೭ ಇದ್ದ ಸರಕಾರಿ ಬ್ಯಾಂಕುಗಳು ಈಗ ೧೨. ಕನ್ನಡ ನೆಲದಲ್ಲಿ ಹುಟ್ಟಿದ ಐದರಲ್ಲಿ ಹೆಸರುಳಿದದ್ದು ಕೆನರಾ ಒಂದೇ. ರಾಷ್ಟ್ರೀಕರಣದ ಬಲೆಗೆ ಬೀಳದೆ ಉಳಿದ ಕರ್ಣಾಟಕ ಬ್ಯಾಂಕು ಇಂದಿಗೂ ಮಂಗಳೂರಿನಲ್ಲಿಯೇ ಇದೆ, ಅದು ಖಾಸಗಿಯವರದು.

ದೊಡ್ಡ ಬ್ಯಾಂಕು ದೊಡ್ಡ ನಷ್ಟವನ್ನು ತಾಳಬಲ್ಲದು, ಶಾಖೆ ಮೇಲೆ ಶಾಖೆ ಇದ್ದಲ್ಲಿ ಖರ್ಚು ಉಳಿಯುವದು ಎಂಬ ವಾದವನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ಮಣಿಪಾಲ, ಮಂಗಳೂರುಗಳಲ್ಲಿ ಪ್ರಧಾನ ಕಚೇರಿ ಇದ್ದಾಗ ಸಾಲದ ದೊಡ್ಡ ಅರ್ಜಿಯನ್ನು ಕೊನೆಗೆ ಓದುವವನು ನಮ್ಮ ಮಳೆ, ಬೆಳೆ, ಮಾತುಗಳನ್ನು ಬಲ್ಲವನಾಗಿದ್ದನು. ಈಗ ಆ ಅರ್ಜಿಯು ದೂರದ ಊರಿಗೆ ಹೋಗಿ ಬರುವದು. ಎದುರಿಗಿನ ಮೇಜಿನ ಗತಿಯನ್ನೂ ಹೇಳಬೇಕೇ? ಕಳೆದ ವರುಷ ಒಂದು ಬ್ಯಾಂಕಿನಲ್ಲಿ ನನ್ನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಅವಳ ಕೈಯ ಚೀಟಿಯಲ್ಲಿ ಕನ್ನಡದ ಅಕ್ಷರವಿರಲಿಲ್ಲ. ಒಳಗೆ ಕುಳಿತ ತರುಣನ ಬಾಯಲ್ಲಿ ಕನ್ನಡದ ಮಾತಿರಲಿಲ್ಲ. ಆತನು ಕೆಟ್ಟವನಲ್ಲ, ದೂರದ ಊರಿನಿಂದ ಬಂದು ಆರು ತಿಂಗಳಾಗಿದ್ದಿತಂತೆ. ಚೀಟಿಯನ್ನು ನಾನು ತುಂಬಿಕೊಟ್ಟೆನು. ಮುದುಕಿಯು ನನ್ನನ್ನೇ ಬ್ಯಾಂಕಿನವನೆಂದು ತಿಳಿದು, "ನನ್ನ ರೊಕ್ಕ ಸುರಕ್ಷಿತ ಐತೇನಪ್ಪ?" ಎಂದು ಕೇಳಿದಳು. ಐದು ಲಕ್ಷದ ವರೆಗೆ ಠೇವಣಿಗೆ ವಿಮೆಯುಂಟೆಂದು, ೨೦೨೦ರಿಂದ ಆ ಮಿತಿಯು ಜಾರಿಯಲ್ಲಿರುವದೆಂದು ಹೇಳಿದೆನು. ಅವಳು ಕೇಳಿದ್ದು ಅದನ್ನಲ್ಲವೆಂದು ಆಮೇಲೆ ಹೊಳೆಯಿತು.

ಇಷ್ಟಾದರೂ ಕನ್ನಡ ನಾಡಿಗೆ ಒಡೆತನದ ಎಳೆಗಳು ಪೂರಾ ಹರಿದಿಲ್ಲ. ಎರಡನ್ನು ಹೇಳುವೆನು. ಮೊದಲನೆಯದು ಗ್ರಾಮೀಣ ಬ್ಯಾಂಕು. ೧೯೭೫ರಲ್ಲಿ ಆರಂಭವಾದ ಈ ಬ್ಯಾಂಕುಗಳ ಮೂಲ ಏರ್ಪಾಡಿನಂತೆ ಕೇಂದ್ರದ ಪಾಲು ನೂರಕ್ಕೆ ೫೦, ಆಶ್ರಯ ಕೊಟ್ಟ ಬ್ಯಾಂಕಿನದು ೩೫, ರಾಜ್ಯ ಸರಕಾರದ್ದು ೧೫. ನಮ್ಮ ವಿಧಾನಸಭೆಗೆ ಉತ್ತರ ಹೇಳುವ ಸರಕಾರಕ್ಕೆ ಪಾಲಿರುವ ಬ್ಯಾಂಕು ಇದು. ಧಾರವಾಡದ್ದೂ ಬಳ್ಳಾರಿಯದೂ ೨೦೨೫ರ ಮೇ ತಿಂಗಳಲ್ಲಿ ಒಂದಾಗಿ ಈಗ ನಾಡಿಗೆಲ್ಲ ಒಂದೇ ಗ್ರಾಮೀಣ ಬ್ಯಾಂಕಾಗಿರುವದು. ಆ ಹದಿನೈದು ಪಾಲಿನ ಬಲದಿಂದ ನಮ್ಮ ಪ್ರತಿನಿಧಿಗಳು ಅಲ್ಲಿ ಏನು ಕೇಳುತ್ತಿರುವರೆಂದು ವಿಧಾನಸಭೆಯ ಸದಸ್ಯರನ್ನು ನಾವು ವಿಚಾರಿಸಿದ್ದುಂಟೇ? ನಾನಂತೂ ವಿಚಾರಿಸಿಲ್ಲ.

ಎರಡನೆಯದು ಸಹಕಾರಿ ಸಂಘ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿಯೇ, ಅಂದರೆ ಮಂಗಳೂರಿನ ಫಂಡಿಗಿಂತ ಒಂದು ವರುಷ ಮೊದಲು, ರೈತರ ಸಹಕಾರಿ ಸಂಘವನ್ನು ಕಟ್ಟಿದರು. ಅಲ್ಲಿ ಶೇರು ಒಂದಿರಲಿ, ನೂರಿರಲಿ, ಮತ ಒಂದೇ. ನನ್ನ ವಿದ್ಯಾರ್ಥಿಯ ಪ್ರಶ್ನೆಗೆ, ಹಣ ಇಟ್ಟವನೂ ಸಾಲ ಪಡೆದವನೂ ಒಡೆಯನೂ ಒಬ್ಬನೇ ಆಗಿರುವ ಸ್ಥಳವಿದೆಯೆಂದು ಅಂದೇ ಹೇಳಬಹುದಾಗಿದ್ದಿತು. ಸಹಕಾರಿ ಬ್ಯಾಂಕುಗಳಲ್ಲಿ ನಡೆದ ಲೂಟಿಗಳನ್ನು ನೀವೂ ಓದಿರುವಿರಿ. ಅದಕ್ಕಾಗಿಯೇ ೨೦೨೦ರಲ್ಲಿ ಅವುಗಳ ಮೇಲೆ ರಿಜರ್ವ್ ಬ್ಯಾಂಕಿನ ಹಿಡಿತವನ್ನು ಬಿಗಿಗೊಳಿಸಿದರು. ಆದರೆ ಲೂಟಿಯಾದಲ್ಲೆಲ್ಲ ಒಡೆಯರಾದ ಸದಸ್ಯರು ಸಭೆಗೆ ಬಾರದೆ ಮನೆಯಲ್ಲಿಯೇ ಇದ್ದರೆಂಬದೂ ಅಷ್ಟೇ ನಿಜ.

ಪರರನ್ನು ದೂರಲು ನಾನು ಅರ್ಹನಲ್ಲ. ನಾನು ಸದಸ್ಯನಾಗಿರುವ ಪತ್ತಿನ ಸಂಘದ ವಾರ್ಷಿಕ ಸಭೆಯು ಹೋದ ವರುಷ ಕೋರಂ ಸಾಲದೆ ಅರ್ಧ ಗಂಟೆ ಮುಂದೆ ಹೋಯಿತು. ಆ ಬಳಿಕ ಬಂದಷ್ಟೇ ಮಂದಿಯಿಂದ ಜಮಾಖರ್ಚು ಮಂಜೂರಾಯಿತು. ಬಾರದವರಲ್ಲಿ ನಾನೂ ಒಬ್ಬನು. ಅಂದು ನಾನು ಇದೇ ವಾಚನಾಲಯದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆನು. ಈ ವರುಷದ ನೋಟೀಸು ನಿನ್ನೆ ಬಂದಿರುವದು. ಅದನ್ನು ಕಿಸೆಯಲ್ಲಿ ಇಟ್ಟುಕೊಂಡೇ ಇಲ್ಲಿಗೆ ಬಂದಿದ್ದೇನೆ. ನಿಮ್ಮಲ್ಲಿ ಅದೇ ಸಂಘದ ಸದಸ್ಯರು ಐದಾರು ಮಂದಿಯನ್ನು ಇಲ್ಲಿಂದಲೇ ಕಾಣುತ್ತಿದ್ದೇನೆ. ಸಭೆ ಮುಗಿದ ಮೇಲೆ ಅವರು ದಯವಿಟ್ಟು ಸ್ವಲ್ಪ ನಿಲ್ಲಬೇಕು.